ಯಾದವಗಿರಿಯ ‘ಆಗಲಿ’

ಜೂನ್ 2, 2025, ಸೋಮವಾರ ಸಂಜೆ. ಕುಕ್ಕರಹಳ್ಳಿ ಕೆರೆ ಏರಿ

ಕೆಂಪು ಚುಕ್ಕೆ ಮಿನುಗುತ್ತಿದೆ. ಅಂದರೆ ಕೇಳಿಸಿಕೊಳ್ಳುತ್ತಿದೆ.

ಇದು ನನ್ನ ಹೆಂಡತಿ ಪ್ರಭಳ ಉಪಾಯ. ನಿನ್ನೆ ತಿಂಡಿಗೆ ಕೂತಾಗ ನಾನು ಒಂದು ವಿಷಯ ಹೇಳುತ್ತ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹಾರಿದಾಗ ಅವಳು ಚಟ್ನಿ ಬಟ್ಟಲು ಕೆಳಗಿಟ್ಟಳು. “ರೀ, ಇದನ್ನೆಲ್ಲ ಫೋನಿಗೆ ಹೇಳ್ರೀ. ಅದು ಪೂರ್ತಿ ಕೇಳಿಸ್ಕೊಳುತ್ತೆ. ಮಧ್ಯ ಎದ್ದು ಹೋಗಲ್ಲ.” ಐವತ್ತು ವರ್ಷದ ಆಡಿಟರ್ ಒಬ್ಬ ಕೆರೆ ಏರಿಯ ಮೇಲೆ ತನ್ನಷ್ಟಕ್ಕೆ ಮಾತಾಡಿಕೊಂಡು ಹೋಗುವುದನ್ನು ನೋಡಿ ಜನ ಏನಂದುಕೊಳ್ಳುತ್ತಾರೋ. ಕಿವಿಗೆ ವೈರು ಸಿಕ್ಕಿಸಿಕೊಂಡಿದ್ದೇನೆ, ಬಚಾವು. ಮೈಕು ಕಂಡರೆ ನನ್ನ ಬಾಯಿಗೆ ಪುಸ್ತಕದ ಕನ್ನಡ ಬಂದುಬಿಡುತ್ತದೆ, ಹೈಸ್ಕೂಲಿನ ಚರ್ಚಾಸ್ಪರ್ಧೆಯ ಚಾಳಿ. ಇರಲಿ, ಕೇಳುವವನು ನಾನೊಬ್ಬನೇ.

ಈಗ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಶಿವರುದ್ರಪ್ಪನವರು ಯಾದವಗಿರಿಯ ಮನೆಗೆ ಕರೆಸಿದ್ದರು. ನನ್ನ ಕ್ಲೈಂಟುಗಳಲ್ಲಿ ಅವರೇ ದೊಡ್ಡವರು. ಹೋಟೆಲ್ ಅಡುಗೆಮನೆಯ ಸಾಮಾನು ಮಾಡುತ್ತಾರೆ: ದೋಸೆ ಕಾವಲಿ, ಇಡ್ಲಿ ಬೇಯಿಸುವ ಪೆಟ್ಟಿಗೆ, ಸಾಂಬಾರಿನ ಕೊಳಗ. ಇಲ್ಲೇ ಮೈಸೂರಿನ ಹೆಬ್ಬಾಳಿನ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ. ಗಲ್ಫ್‌ನ ಎಷ್ಟೋ ಹೋಟೆಲುಗಳಲ್ಲಿ ಮಸಾಲೆದೋಸೆ ಹೊರಳುವುದು ಇವರ ಕಾವಲಿಯ ಮೇಲೆ.

ಆ ಮನೆಯಲ್ಲಿ ಒಂದು ಪದ್ಧತಿಯಿದೆ. ಯಜಮಾನರ ಲಿಂಗಪೂಜೆ ಮುಗಿದು, ಹಣೆಯ ವಿಭೂತಿ ಸಮೇತ ಅವರು ನಡುಮನೆಯ ಚಾಪೆಯ ಮೇಲೆ ಕೂತು, ತಿಂಡಿಯ ತಟ್ಟೆ ಮುಂದೆ ಬರುವತನಕ ವ್ಯಾಪಾರದ ಮಾತನ್ನು ಯಾರೂ ಎತ್ತುವಂತಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಹೇಳಬೇಕು. ಅವರು ಕೇಳಿಸಿಕೊಂಡು, ತುತ್ತು ನುಂಗಿ, “ಆಗಲಿ” ಅನ್ನುತ್ತಾರೆ. ಅಂದರೆ ಆಯಿತು. ಅನ್ನದೆ ಮುಂದಿನ ತುತ್ತು ಮುರಿದರೆ ಆ ಮಾತು ಅಲ್ಲಿಗೇ ಮುಗಿಯಿತು. ಮಗ ಮಹದೇವಪ್ರಸಾದ್ ಕಾರ್ಖಾನೆ ನೋಡಿಕೊಳ್ಳುತ್ತಾನೆ, ಸೊಸೆ ಶಿವಾನಿ ವಿದೇಶದ ಆರ್ಡರುಗಳನ್ನೆಲ್ಲ ನೋಡಿಕೊಳ್ಳುತ್ತಾಳೆ. ಇಬ್ಬರೂ ಬೆಳಿಗ್ಗೆ ಆ ಚಾಪೆಯ ಅಂಚಿಗೆ ಬಂದು ನಿಲ್ಲುವವರೇ.

ಈಗ ಯಜಮಾನರಿಗೆ ದುಬೈಯಲ್ಲಿ ಒಂದು ಕಂಪನಿ ತೆರೆಯುವ ಆಸೆ. ಇಲ್ಲಿಂದ ಮಾಲು ಅಲ್ಲಿಗೆ, ಅಲ್ಲಿಂದ ಗಲ್ಫ್, ಆಫ್ರಿಕಾಕ್ಕೆಲ್ಲ. ಎರಡು ದೇಶದ ಕಂಪನಿ ತೆರಿಗೆ ಹೋಲಿಸಿ ನೋಡಿ ಹೇಳಿ ಎಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅವರೇ ಹೇಳಿಬಿಟ್ಟರು.

“ಇಲ್ಲಿ ಇಪ್ಪತ್ತೈದು, ಅಲ್ಲಿ ಒಂಬತ್ತು. ಅಷ್ಟೇ ಅಲ್ವಾ ಆಡಿಟ್ರೇ?”

“ಅಷ್ಟೇ ಅಲ್ಲ ಯಜಮಾನ್ರೇ. ಒಂದಿಷ್ಟು ಕಾಲಾವಕಾಶ ಕೊಡಿ.”

“ಕಾಲಾವಕಾಶ ಇಲ್ದೆ ಇವರು ಫೀಸು ಹಾಕೋದೆಂಗೆ” ಎಂದು ಮಂಜುಳಮ್ಮನವರು ಅಡುಗೆಮನೆಯಿಂದಲೇ ಅಂದರು. ಯಜಮಾನರ ಹೆಂಡತಿ. ಆ ಮನೆಯಲ್ಲಿ ತಮಾಷೆ ಮಾಡುವ ಹಕ್ಕು ಅವರೊಬ್ಬರಿಗೇ.

ನನಗಂತೂ ಖುಷಿ. ಇಂಥ ಕೆಲಸ ನಮ್ಮ ಊರಿನಲ್ಲಿ ಎಷ್ಟು ಜನಕ್ಕೆ ಸಿಗುತ್ತದೆ? ಅದನ್ನೇ ಯೋಚಿಸುತ್ತ ಮನೆಗೆ ಬಂದರೆ ಬಡಾವಣೆ ಸಂಘದ ಸಿದ್ದರಾಜು ಫೋನು ಮಾಡಿದರು. ಈ ಸಲ ಪ್ರಭಳನ್ನು ಕಾರ್ಯದರ್ಶಿ ಮಾಡಬೇಕಂತೆ. ಅವಳಿಗೆ ಅದೆಲ್ಲ ಆಗಿಬರುವುದಿಲ್ಲ ಎಂದು ಹೇಳಿ ಇಟ್ಟೆ. ನೀರಿನ ಟ್ಯಾಂಕಿನ ಜಗಳ, ಪಾರ್ಕಿನ ದೀಪದ ಜಗಳ, ಯಾಕೆ ಬೇಕು.

ಜೂನ್ 10, ಮಂಗಳವಾರ. ಬನ್ನಿಮಂಟಪದ ಆಫೀಸಿನಲ್ಲಿ

ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನಾನು ಬಾಗಿಲು ಹಾಕಿಕೊಂಡು ಮಾತಾಡುತ್ತಿದ್ದೇನೆ.

ಎರಡು ದೇಶಗಳನ್ನು ಅಕ್ಕಪಕ್ಕ ಕೂರಿಸಿ ನೋಡುವುದು ಎರಡು ಬೀಗರ ಮನೆಗಳನ್ನು ಹೋಲಿಸಿದಂತೆ. ಹೊರಗಿಂದ ಕಾಣುವುದು ಗೇಟು ಮಾತ್ರ. ದುಬೈಯಲ್ಲಿ ಕಂಪನಿ ತೆರಿಗೆ ಬಂದು ಎರಡೇ ವರ್ಷವಾಯಿತು. ಸಣ್ಣ ಲಾಭಕ್ಕೆ ಏನೂ ಇಲ್ಲ, ಅದರ ಮೇಲಿನದಕ್ಕೆ ಒಂಬತ್ತು. ನಮ್ಮಲ್ಲಿ ಸರ್ಚಾರ್ಜು, ಸೆಸ್ಸು ಸೇರಿ ಇಪ್ಪತ್ತೈದು ಚಿಲ್ಲರೆ. ಯಜಮಾನರು ಹೇಳಿದ್ದು ಗೇಟಿನ ಲೆಕ್ಕ. ಒಳಗೆ ಹೋದರೆ ಬೇರೆ ಕಥೆ. ಅಲ್ಲಿ ಉಳಿಸಿದ ಲಾಭವನ್ನು ಇಲ್ಲಿಗೆ ತಂದರೆ ಇಲ್ಲಿ ಮತ್ತೆ ತೆರಿಗೆ. ಅಲ್ಲೇ ಬಿಟ್ಟು ವ್ಯಾಪಾರ ಬೆಳೆಸಿದರೆ ಮಾತ್ರ ಉಳಿತಾಯ. ಇಲ್ಲಿನ ಕಂಪನಿ ಅಲ್ಲಿನ ಕಂಪನಿಗೆ ಕಾವಲಿ ಮಾರಿದರೆ ಮನೆಯ ರೇಟು ಹಾಕುವಂತಿಲ್ಲ, ಗುರುತಿಲ್ಲದವರಿಗೆ ಮಾರುವ ರೇಟನ್ನೇ ಹಾಕಬೇಕು.

ಇವೆಲ್ಲ ಸರಿದೂಗಿಸಬಹುದು. ನನಗೆ ಚಿಂತೆ ಹಿಡಿಸಿರುವುದು ಇನ್ನೊಂದು. ಕಂಪನಿ ಎಲ್ಲಿ ನೋಂದಣಿಯಾಗಿದೆ ಎಂದು ಕಾನೂನು ಕೇಳುತ್ತದೆ, ನಿಜ. ಅದರ ಜೊತೆಗೇ, ಕಂಪನಿಯ ಮುಖ್ಯ ತೀರ್ಮಾನಗಳು ನಿಜವಾಗಿ ಎಲ್ಲಿ ಆಗುತ್ತವೆ ಎಂದೂ ಕೇಳುತ್ತದೆ. ಹೆಸರಿನ ಬೋರ್ಡು ದುಬೈಯಲ್ಲಿದ್ದು ತೀರ್ಮಾನ ಮೈಸೂರಿನಲ್ಲಿ ಆದರೆ ಅದು ಮೈಸೂರಿನ ಕಂಪನಿಯೇ. ಆಗ ಇಡೀ ಲಾಭಕ್ಕೆ ಇಲ್ಲೇ ತೆರಿಗೆ. ಅದೂ ಇಪ್ಪತ್ತೈದಲ್ಲ, ವಿದೇಶಿ ಕಂಪನಿಯ ಲೆಕ್ಕದಲ್ಲಿ ಮೂವತ್ತೈದರ ಮೇಲೆ! ವಹಿವಾಟು ಐವತ್ತು ಕೋಟಿಯೊಳಗಿದ್ದರೆ ಈ ಪ್ರಶ್ನೆ ಏಳುವುದಿಲ್ಲ. ಇವರದ್ದು ಮೊದಲ ವರ್ಷವೇ ಅದನ್ನು ದಾಟುತ್ತದೆ.

ಹೀಗಿರುವಾಗ ನಾನು ಎಪ್ಪತ್ತು ದಾಟಿದ ಯಜಮಾನರಿಗೆ ಹೋಗಿ, ನಿಮ್ಮ ‘ಆಗಲಿ’ಯನ್ನು ಯಾದವಗಿರಿಯಲ್ಲಿ ಅನ್ನಬೇಡಿ ಎಂದು ಹೇಳಬೇಕು. ಹೇಳದಿದ್ದರೆ ಅವರಿಗೆ ಮೋಸ. ಹೇಳಿದರೆ ಬೆಂಗಳೂರಿನ ಯಾವುದೋ ದೊಡ್ಡ ಆಫೀಸಿಗೆ ಅವರು ಹೊರಟುಹೋದಾರು.

ಜೂನ್ 14, ಶನಿವಾರ. ಕಾರಿನಲ್ಲಿ, ಯಾದವಗಿರಿ

ಈಗಷ್ಟೇ ಅವರ ಮನೆಯಿಂದ ಹೊರಬಂದೆ. ಬಿಸಿ ಆರುವ ಮುಂಚೆ ಹೇಳಿಬಿಡುತ್ತೇನೆ.

ಪೂಜೆ ಮುಗಿಯಿತು. ಅಕ್ಕಿರೊಟ್ಟಿ ಬಂತು. ನಾನು ಗೇಟಿನ ಲೆಕ್ಕದಿಂದ ಶುರುಮಾಡಿ ಒಳಮನೆಗೆ ಬಂದೆ. ತೀರ್ಮಾನದ ಮಾತು ಬಂದಾಗ ಯಜಮಾನರು ನಕ್ಕರು.

“ಸೈನು ಶಿವಾನಿ ಹಾಕ್ತಾಳೆ. ಏನು ಮಾಡ್ಬೇಕು ಅಂತ ನಾನು ಹೇಳ್ತೀನಿ. ಇದ್ರಲ್ಲೇನು ಕಷ್ಟ?”

“ಅದೇ ಕಷ್ಟ ಯಜಮಾನ್ರೇ. ನೀವು ಹೇಳಂಗಿಲ್ಲ.”

“ನನ್ನ ದುಡ್ಡು, ನನ್ನ ಕಾವಲಿ, ನನ್ನ ಸೊಸೆ. ನಾನು ಹೇಳಂಗಿಲ್ವಾ?”

“ವರ್ಷಕ್ಕೊಂದ್ಸಲ ಒಡೆಯರಾಗಿ ಲೆಕ್ಕ ಕೇಳಿ. ದಿನಾ ಬೆಳಗಾದ್ರೆ ಹಿಂಗ್ಮಾಡು ಹಂಗ್ಮಾಡು ಅಂದ್ರೆ ಆ ಕಂಪ್ನಿ ದುಬೈಲಿಲ್ಲ, ಈ ಚಾಪೆ ಮೇಲೈತೆ ಅಂತಾರೆ ತೆರಿಗೆಯೋರು.”

ಮಂಜುಳಮ್ಮ ರೊಟ್ಟಿ ತಂದವರು ಅಲ್ಲೇ ನಿಂತರು. “ನಿಜ ಕಣಪ್ಪ. ಇವ್ರು ಆಗಲಿ ಅನ್ದೆ ಇದ್ರೆ ಈ ಮನೇಲಿ ಸಾರಿಗೆ ಒಗ್ಗರಣೆನೂ ಬೀಳಲ್ಲ. ತೆರಿಗೆಯೋರು ನಮ್ಮನೆಗೆ ಬಂದು ಒಂದಿನ ಊಟ ಮಾಡಿದ್ರೆ ಸಾಕು, ಎಲ್ಲಾ ಗೊತ್ತಾಗ್ಬುಡುತ್ತೆ.”

“ನೀನು ಸುಮ್ನಿರು.”

“ನೋಡಪ್ಪ, ಇದೂ ತೀರ್ಮಾನನೇ.”

ಯಜಮಾನರು ಬಹಳ ಹೊತ್ತು ರೊಟ್ಟಿ ಮುರಿಯಲಿಲ್ಲ. ಶಿವಾನಿ ಬಾಗಿಲ ಪಕ್ಕ ನಿಂತಿದ್ದಳು. ಮಹದೇವಪ್ರಸಾದ್ ಕಾರ್ಖಾನೆ ಬಿಟ್ಟು ಬರುವಂತಿಲ್ಲ. ಅವನ ಮತ್ತು ಶಿವಾನಿಯ ಮಗಳು ಮಂಗಳೂರಿನ ಹಾಸ್ಟೆಲಿನಲ್ಲಿದ್ದಾಳೆ. ಆರ್ಡರು ಕೊಡುವವರ ಪರಿಚಯ ಇರುವುದು ಶಿವಾನಿಗೆ. ಆಕೆ ಹೋಗುವುದೇ ಸರಿ, ಆಕೆಗೂ ಒಪ್ಪಿಗೆಯಿದೆ, ಎಲ್ಲ ಸಲೀಸಾಗಿ ನಡೆಯುತ್ತದೆ ಎಂದು ನಾನೇ ಯಜಮಾನರಿಗೆ ಭರವಸೆ ಕೊಟ್ಟೆ. ಕೊನೆಗೆ ಅವರು ಕೈತೊಳೆದು ಹೇಳಿದರು.

“ಆಗಲಿ. ಅಲ್ಲಿ ಅವಳೇ ತೀರ್ಮಾನ ಮಾಡ್ಲಿ.”

ಗೆದ್ದೆ! ಬೆಂಗಳೂರಿನವರಿಗೆ ಕೆಲಸವಿಲ್ಲ.

ಜೂನ್ 17, ಮಂಗಳವಾರ. ಆಫೀಸು

ಶಿವಾನಿ ಬಂದಿದ್ದಳು. ಮುಂಚೆ ತಿಳಿಸದೆ, ಒಬ್ಬಳೇ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು, ಮಾತು ಕಡಿಮೆ. ಕುರ್ಚಿಯ ತುದಿಯಲ್ಲಿ ಕೂತಳು.

“ಸರ್, ಅವತ್ತು ಅಷ್ಟು ಹೊತ್ತು ಮಾತಾಡಿದ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ.”

ನೀವು ಒಪ್ಪುತ್ತೀರಿ ಎಂದೇ ಅಂದುಕೊಂಡೆ ಎಂದೆ.

“ಅದನ್ನೇ ಹೇಳ್ತಿರೋದು. ಸೈನ್ ಹಾಕೋಕೆ ಮಾತ್ರ ನಾನು ಬೇಕು ಅಂದ್ರೆ ನಾನು ಹೋಗಲ್ಲ. ಒಂದು ರಬ್ಬರ್ ಸ್ಟ್ಯಾಂಪ್ ಮಾಡ್ಸಿ ಕೊರಿಯರ್ ಮಾಡ್ಬುಡಿ, ಟಿಕೆಟ್ ದುಡ್ಡೂ ಉಳಿಯುತ್ತೆ.”

ನಗಬೇಕೋ ಬೇಡವೋ ತಿಳಿಯಲಿಲ್ಲ.

“ಮದುವೆಯಾಗಿ ಬಂದಾಗಿಂದ ಆ ಚಾಪೆ ಅಂಚಲ್ಲಿ ನಿಂತಿದ್ದೀನಿ ಸರ್. ಮಾವ ಕೆಟ್ಟವರಲ್ಲ. ದೇವರಂಥ ಮನುಷ್ಯ. ಆದ್ರೆ ನಾನು ಸರಿ ಅಂದ್ಕೊಂಡಿದ್ದು ಸರಿನೋ ತಪ್ಪೋ ಅಂತ ನನಗೆ ಒಂದ್ಸಲನಾದ್ರೂ ಗೊತ್ತಾಗ್ಬೇಕಲ್ಲ? ಈಗ ಬಿಟ್ರೆ ಇನ್ನ್ಯಾವಾಗ? ನಲವತ್ತಾಯ್ತು ನನಗೆ.”

ಕಾನೂನೇ ಹಾಗಿದೆ, ಅಲ್ಲಿ ಎಲ್ಲವೂ ನಿಮ್ಮದೇ ತೀರ್ಮಾನ ಎಂದೆ. “ಕಾನೂನು ಹಂಗಿದೆ ಸರ್. ಮನೆ?” ಎಂದು ಎದ್ದಳು.

ಅವಳು ಹೋದ ಮೇಲೆ ಕಾಫಿ ತರಿಸಿದ್ದು ನೆನಪಾಯಿತು. ಎರಡೂ ಲೋಟ ಆರಿಹೋಗಿದ್ದವು. ಎರಡನ್ನೂ ನಾನೇ ಕುಡಿದೆ.

ಆಗಸ್ಟ್ 4, ಸೋಮವಾರ

ಲೈಸೆನ್ಸು ಬಂತು. ಶಿವಾನಿ ಹೋಗಿ ಸೇರಿದಳು. ಬ್ಯಾಂಕ್ ಖಾತೆ ಇನ್ನೂ ಎಳೆಯುತ್ತಿದೆ. ಎರಡು ಕಡೆಯ ಫಾರ್ಮುಗಳ ಮಧ್ಯೆ ನನಗೆ ಉಸಿರಾಡಲು ಪುರಸೊತ್ತಿಲ್ಲ. ಮಾತಾಡಲೂ.

ಸೆಪ್ಟೆಂಬರ್ 12, ಶುಕ್ರವಾರ. ಕೆರೆ ಏರಿ

ತಲೆ ಕೆಟ್ಟಿದೆ. ಏರಿಯನ್ನು ಇನ್ನೊಂದು ಸುತ್ತು ಹಾಕುತ್ತಿದ್ದೇನೆ.

ಲೆಕ್ಕದ ಕೆಲಸಕ್ಕೆ ಬೆಳಿಗ್ಗೆ ಯಾದವಗಿರಿಗೆ ಹೋಗಿದ್ದೆ. ಯಜಮಾನರು ಪೂಜೆ ಮುಗಿಸಿ ಚಾಪೆಗೆ ಬಂದರು. ತಟ್ಟೆಯ ಪಕ್ಕದಲ್ಲಿ ಫೋನು. ಅದನ್ನು ಬಾಯಿಯ ಹತ್ತಿರ ಹಿಡಿದು, ಒತ್ತಿ, “ಆಗಲಿ” ಎಂದರು. ಬಿಟ್ಟರು. ಮತ್ತೆ ಒತ್ತಿದರು. “ಅದು ಬೇಡ. ಆ ಗೋಡೌನು ದೂರ ಆಯ್ತು.” ಬಿಟ್ಟರು. ಮತ್ತೆ ಒಂದು “ಆಗಲಿ.”

“ಏನಿದು ಯಜಮಾನ್ರೇ?”

“ಶಿವಾನಿ ಕಳಿಸಿರ್ತಾಳೆ. ನಾನು ಉತ್ತರ ಹಾಕ್ತೀನಿ. ವಾಟ್ಸಾಪಲ್ಲಿ ಮನೆ ಗುಂಪು ಮಾಡಿದ್ದಾನೆ ಪ್ರಸಾದ.” ಹೆಮ್ಮೆಯಿಂದ ತೋರಿಸಿದರು. ಗೋಡೌನು, ನೌಕರರ ನೇಮಕ, ಯಾವ ಹೋಟೆಲಿಗೆ ಎಷ್ಟು ಉದ್ರಿ, ಎಲ್ಲವೂ ಅಲ್ಲಿದ್ದವು. ಪ್ರತಿಯೊಂದರ ಕೆಳಗೂ ಅವರ ಧ್ವನಿ. ದುಬೈಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಮೈಸೂರಿನಿಂದ ‘ಆಗಲಿ’ ಹೋಗಿ ಕೂತಿರುತ್ತದೆ!

ಯಜಮಾನರನ್ನು ನಾನು ಬೈಯುವಂತಿಲ್ಲ. ಅವರು ಕೇಳಿದ್ದಕ್ಕೆ ಹೇಳಿದ್ದಾರೆ. ಕೇಳಿದವಳು ಶಿವಾನಿ. ತಾನು ರಬ್ಬರ್ ಸ್ಟ್ಯಾಂಪ್ ಆಗುವುದಿಲ್ಲ ಎಂದವಳು! ಆಫೀಸಿಗೆ ಬಂದು ವೀಡಿಯೋ ಕರೆ ಹಚ್ಚಿದೆ.

“ಗೊತ್ತು ಸರ್” ಎಂದಳು. ಮುಖ ಸಣ್ಣದಾಗಿತ್ತು. “ತೀರ್ಮಾನ ನಾನೇ ಮಾಡಿರ್ತೀನಿ. ಆದ್ರೆ ಅವರನ್ನ ಕೇಳ್ದೆ ಮಾಡಿದ್ರೆ ಮರ್ಯಾದೆ ಕೊಟ್ಟಂಗಾಗಲ್ಲ ಅನ್ಸುತ್ತೆ. ಕೈ ತಾನಾಗೇ ಫೋನಿಗೆ ಹೋಗ್ಬುಡುತ್ತೆ.”

“ಆ ಗೋಡೌನು?”

“ಅದು ಚೆನ್ನಾಗಿತ್ತು ಸರ್. ಹೋಟೆಲುಗಳಿಗೆ ಹತ್ತಿರ. ಮಾವ ಮ್ಯಾಪ್ ನೋಡಿ ದೂರ ಅಂದ್ರು. ಅವರು ಬಂದರಿನಿಂದ ಅಳೆದಿದ್ದಾರೆ.”

“ಮತ್ತೆ?”

“ಮತ್ತೇನು, ಬಿಟ್ಬುಟ್ಟೆ.”

ನಾನು ಉಪದೇಶ ಶುರುಮಾಡಿದೆ, ಎಂದಿನ ಹಾಗೆ ಬಹಳ ಹೊತ್ತು. ಅದರಲ್ಲಿ ಒಂದು ಮಾತು ಮಾತ್ರ ಅವಳ ಕಿವಿಗೆ ಬಿದ್ದಂತೆ ಕಂಡಿತು. ಮಾವನಿಗೆ ಹೇಳಬೇಡಿ ಎಂದು ಯಾರೂ ಅನ್ನುವುದಿಲ್ಲ, ಮಾಡಿ ಆದ ಮೇಲೆ ಹೇಳಿ, ಮಾಡುವ ಮುಂಚೆ ಕೇಳಬೇಡಿ ಎಂದೆ. ಅವಳು ಕಾಗದದಲ್ಲಿ ಏನೋ ಬರೆದುಕೊಂಡಳು.

“ಸರ್, ಇದನ್ನ ಮಾವಂಗೆ ಯಾರು ಹೇಳ್ತಾರೆ?”

ನೀವೇ ಹೇಳಿ ಎಂದೆ. ಮೊದಲಾಗಿದ್ದರೆ ನಾನೇ ಹೇಳುತ್ತೇನೆ ಅನ್ನುತ್ತಿದ್ದೆನೋ ಏನೋ. ಇವತ್ತು ಗಂಟಲು ನೋಯುತ್ತಿತ್ತು.

ಸೆಪ್ಟೆಂಬರ್ 25, ಗುರುವಾರ. ಹೆಬ್ಬಾಳಿನ ಕಾರ್ಖಾನೆಯಿಂದ ಬರುತ್ತ

ದಸರಾ ಜನ. ಕಾರು ನಿಂತಲ್ಲೇ ನಿಂತಿದೆ. ಸಮಯ ಬೇಕಾದಷ್ಟಿದೆ.

ಮಂಜುಳಮ್ಮನವರು ಫೋನು ಮಾಡಿ, “ಲೋಕೇಶಪ್ಪ, ಏನು ಮಾಟ ಮಾಡಿದ್ಯಪ್ಪ ನಮ್ಮನೆಯವ್ರಿಗೆ? ಫೋನು ಹಿಡ್ಕೊಂಡು ಕೂತವ್ರೆ, ಅದು ಅರಚ್ಕೊತಾನೇ ಇಲ್ಲ. ಬಂದು ಒಂದು ಮಾತಾಡ್ಸು” ಎಂದರು. ಶಿವಾನಿ ಮಾವನಿಗೇ ಹೇಳಿದ್ದಾಳೆ, ನಿಲ್ಲಿಸಿಯೂ ಇದ್ದಾಳೆ. ಈಗ ವಾರಕ್ಕೊಮ್ಮೆ ಏನೇನು ಮಾಡಿದೆ ಎಂದು ತಿಳಿಸುತ್ತಾಳಂತೆ. ಕೇಳುವುದಿಲ್ಲ.

ಯಜಮಾನರು ಕಾರ್ಖಾನೆಯ ಹಿಂದೆ, ಕಾವಲಿಗಳನ್ನು ಒರಗಿಸಿಟ್ಟ ಕಡೆ, ಸ್ಟೂಲಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಇನ್ನೊಂದು ಸ್ಟೂಲನ್ನು ಕಾಲಿನಿಂದ ತಳ್ಳಿದರು.

“ಆಡಿಟ್ರೇ, ನಿಮ್ಮ ಮೇಲೆ ಕೋಪ ಇಲ್ಲ. ಒಂದು ಕೇಳ್ತೀನಿ. ನಾನು ಆಗಲಿ ಅಂತೀನಲ್ಲ, ಅದು ಗತ್ತು ಅಂದ್ಕೊಂಡಿದ್ದೀರಾ ನೀವೆಲ್ಲಾ?”

ಉತ್ತರ ಕೊಡಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡುತ್ತಿರಲಿಲ್ಲ. ಮುಚ್ಚಿದೆ.

“ನಮ್ಮಪ್ಪ ಹೋದಾಗ ನನಗೆ ಹತ್ತೊಂಬತ್ತು. ಆಗ ಬರೀ ಪಾತ್ರೆಗೆ ಹಿಡಿ ಬೆಸೆಯೋ ಅಂಗಡಿ. ನಮ್ಮಣ್ಣ ಒಂದು ಮಾತು ಹೇಳಿದ್ದ, ಹಳೇ ಬಾಯ್ಲರ್ ತಗೊಳಾಣ ಅಂತ. ತಗೊಂಡ್ವಿ. ಅದು ಸಿಡೀತು. ಒಬ್ಬರ ಕಣ್ಣು ಹೋಯ್ತು. ಎಲ್ಲಾರೂ ಅಣ್ಣನ್ನ ಅಂದ್ರು, ನೀನೇ ಹೇಳಿದ್ದು, ನೀನೇ ಹೇಳಿದ್ದು. ಊರು ಬಿಟ್ಟು ಹೋದೋನು ತಿರುಗಿ ಬರ್ಲಿಲ್ಲ. ಆವತ್ತಿಂದ ಈ ಮನೇಲಿ ಏನೇ ಆದ್ರೂ ನನ್ನ ಬಾಯಿಂದ ಬರ್ಬೇಕು ಅಂತ ಮಾಡ್ದೆ. ಕೆಟ್ರೆ ನನ್ನನ್ನ ಅನ್ಲಿ. ಮಕ್ಕಳನ್ನ ಯಾರೂ ಅನ್ಬಾರ್ದು. ಈಗ ಅಲ್ಲಿ, ಗುರುತು ಪರಿಚಯ ಇಲ್ದಿರೋ ಊರಲ್ಲಿ, ಆ ಹುಡುಗೀನ ಯಾರಾದ್ರೂ ಅಂದ್ರೆ?”

ಒಳಗೆ ಯಾರೋ ತಗಡು ಬಡಿಯುತ್ತಿದ್ದರು. ಇಬ್ಬರೂ ಅದನ್ನೇ ಕೇಳುತ್ತ ಕೂತೆವು. ಹೊರಡುವಾಗ ಅವರೇ “ಬಂದಿದ್ದು ಒಳ್ಳೇದಾಯ್ತು, ಎಷ್ಟು ಸಮಾಧಾನ ಹೇಳಿದ್ರಿ” ಎಂದರು. ನಾನು ಹೇಳಿದ್ದಾದರೂ ಏನು ಎಂದು ಈಗಲೂ ಯೋಚಿಸುತ್ತಿದ್ದೇನೆ.

ಟ್ರಾಫಿಕ್ ಬಿಟ್ಟಿತು. ಬೇಗ ಹೋಗಬೇಕು. ಪ್ರಭ ಬಡಾವಣೆ ಸಂಘದ ಮೀಟಿಂಗಿಗೆ ಹೋಗುತ್ತಾಳೆ, ನಾನು ಬೇಡವೆಂದರೂ ಈಗ ಅವಳೇ ಕಾರ್ಯದರ್ಶಿ, ತಡವಾಗಿ ಹೋದರೆ ಚೆನ್ನಾಗಿರುವುದಿಲ್ಲ. ಅನ್ನಕ್ಕೆ ನಾನೇ ಇಡಬೇಕು. ನೀರೆಷ್ಟು ಎಂದು ಕೇಳಿಕೊಂಡಿದ್ದೇನೆ.

ನವೆಂಬರ್ 6, ಗುರುವಾರ. ಆಫೀಸು, ಮಧ್ಯಾಹ್ನ

ಯಜಮಾನರು ನನ್ನ ಆಫೀಸಿಗೆ ಬಂದಿದ್ದರು. ಇಷ್ಟು ವರ್ಷದಲ್ಲಿ ಇದೇ ಮೊದಲು. ಯಾವಾಗಲೂ ನಾನೇ ಹೋಗುವುದಲ್ಲವೇ? ಮೆಟ್ಟಿಲು ಹತ್ತಿ ಬಂದ ಏದುಸಿರಿನಲ್ಲೇ ಫೋನನ್ನು ನನ್ನ ಮೇಜಿನ ಮೇಲೆ ಇಟ್ಟರು.

“ನೋಡಿ. ನನ್ನ ಸೊಸೆ ನನ್ನ ಕಾವಲಿ ವಾಪಸ್ ಕಳಿಸ್ತಾಳಂತೆ!”

ಓದಿದೆ. ಕಾಯಿಸಿದರೆ ಮಧ್ಯದಲ್ಲಿ ಉಬ್ಬುತ್ತವೆ, ಎಣ್ಣೆ ಅಂಚಿಗೆ ಹರಿಯುತ್ತದೆ, ದೋಸೆ ಒಂದು ಕಡೆ ಸೀಯುತ್ತದೆ, ಒಂದು ಕಡೆ ಬೇಯುವುದಿಲ್ಲ. ಬದಲಿ ಕಳಿಸಬೇಕು, ಸಾಗಣೆ ಖರ್ಚು ಮೈಸೂರಿನದ್ದು, ಇಲ್ಲದಿದ್ದರೆ ರಾಜ್‌ಕೋಟ್‌ನಲ್ಲಿ ಕಾವಲಿ ಮಾಡುವ ಇನ್ನೊಬ್ಬರನ್ನು ನೋಡಿಟ್ಟಿದ್ದೇನೆ. ಕೆಳಗೆ ಅವಳ ಹೆಸರು, ಕಂಪನಿಯ ಹೆಸರು, ಗೋಡೌನಿನ ವಿಳಾಸ. ‘ಮಾವ’ ಎಂಬ ಮಾತಿಲ್ಲ.

“ಇದನ್ನ ನೀವೇ ಹೇಳ್ಕೊಟ್ರಾ?”

“ಇಲ್ಲ ಯಜಮಾನ್ರೇ. ನನಗೂ ಈಗ್ಲೇ ಗೊತ್ತಾಗಿದ್ದು. ಆದ್ರೆ ಉಬ್ಬಿರೋ ಮಾಲಿಗೆ ಅವರು ಪೂರ್ತಿ ದುಡ್ಡು ಕೊಟ್ಟಿದ್ರೆ, ನಾಳೆ ಎರಡು ದೇಶದೋರೂ ನನ್ನ ಕೇಳೋರು, ಹೊರಗಿನೋರಾದ್ರೆ ಹಿಂಗೆ ಬಾಯಿ ಮುಚ್ಕೊಂಡು ತಗೊತಿದ್ರಾ ಅಂತ.”

“ನಾನು ಹೊರಗಿನೋನಾ?”

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಕೊಡಲಿಲ್ಲ. ಕರೆ ಹಚ್ಚಿ ಫೋನನ್ನು ಅವರ ಕಡೆ ತಿರುಗಿಸಿದೆ. ತೆರೆಯ ಮೇಲೆ ಶಿವಾನಿ, ಹಿಂದೆ ಕಬ್ಬಿಣದ ಕಪಾಟುಗಳು. ಹೋಟೆಲುಗಳಿಗೆ ಹತ್ತಿರದ, ಮಾವ ಬೇಡವೆಂದಿದ್ದ ಆ ಗೋಡೌನನ್ನೇ ಹಿಡಿದಿದ್ದಾಳೆ!

“ಮಾವ, ಊಟ ಆಯ್ತಾ?”

“ಊಟ ಇರ್ಲಿ. ಏನಮ್ಮ ಇದು? ಮನೆ ಮಾಲನ್ನ ಯಾರಾದ್ರೂ ವಾಪಸ್ ಕಳಿಸ್ತಾರಾ?”

“ಬಗ್ಗಿದೆ ಮಾವ.”

“ಉರಿ ಜಾಸ್ತಿ ಇಟ್ಟಿರ್ತಾರೆ ಆ ಹೋಟೆಲಿನೋರು.”

“ನಾನೇ ಇಟ್ಟು ನೋಡ್ದೆ. ಕೆಳಗಿನ ಪಟ್ಟಿ ಬೆಸುಗೆ ಹಾಕಿದ ತಕ್ಷಣ ನೀರು ಹುಯ್ದಿದ್ದಾರೆ. ಆರೋಕೆ ಬಿಟ್ಟಿಲ್ಲ.”

ಅವಳ ಗುರಿ ತಪ್ಪಿರಲಿಲ್ಲ ಎಂದು ಯಜಮಾನರ ಮುಖ ನೋಡಿದರೇ ತಿಳಿಯಿತು.

“ಸರಿ. ಅರ್ಧ ಸಾಗಣೆ ನಂದು, ಅರ್ಧ ನಿಂದು.”

“ಆಗಲ್ಲ ಮಾವ.”

ಆ ಮನೆಯಲ್ಲಿ ಅವರ ಮುಖಕ್ಕೆ ನೇರವಾಗಿ ಯಾರೂ ಅನ್ನದ ಮಾತು ಅದು. ಅಂದವಳು ಹಿಂದಕ್ಕೆ ಹೋಗಲಿಲ್ಲ. ಅವರು ನನ್ನನ್ನು ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

“ಪೂರ್ತಿ ಸಾಗಣೆ ನಂದೇ. ಆದ್ರೆ ಮುಂದಿನ ಆರ್ಡರು ಇದೇ ರೇಟಿಗೆ, ಇಳಿಸೋ ಮಾತು ಎತ್ತಬಾರ್ದು.”

“ಯೋಚನೆ ಮಾಡಿ ನಾಡಿದ್ದು ಹೇಳ್ತೀನಿ.”

“ನಾಡಿದ್ದಾ? ಈಗ್ಲೇ ಹೇಳಮ್ಮ!”

“ನಾಡಿದ್ದು ಮಾವ.” ಕರೆ ಮುಗಿಯಿತು.

ಯಜಮಾನರು ಮುಂದಿದ್ದ ಫೋನನ್ನೇ ನೋಡುತ್ತಿದ್ದರು. “ಕಾಯಿಸ್ತಾಳಲ್ರೀ ನನ್ನ” ಎಂದರು. ಕೋಪವೋ, ಬೇಸರವೋ, ಮತ್ತೇನೋ, ನನಗೆ ಹೇಳಲು ಬರುವುದಿಲ್ಲ.

ನವೆಂಬರ್ 8, ಶನಿವಾರ. ಯಾದವಗಿರಿ, ಕಾರಿನಲ್ಲಿ

ಬೆಳಿಗ್ಗೆಯೇ ಯಜಮಾನರ ಕರೆ ಬಂತು. “ಬನ್ನಿ, ಅವಳು ಇವತ್ತು ಹೇಳ್ತಾಳೆ.” ನಾನು ಇರಲೇಬೇಕಾದ ಕೆಲಸವೇನಲ್ಲ. ಹೋದೆ.

ಚಾಪೆಯ ಮೇಲೆ ಯಜಮಾನರು, ಪಕ್ಕದಲ್ಲಿ ಫೋನು. ಮಹದೇವಪ್ರಸಾದ್ ಆಗಲೇ ಕಾರ್ಖಾನೆಗೆ ಹೋಗಿದ್ದ. ಬೆಸುಗೆಯವರನ್ನೆಲ್ಲ ಕೂಡಿಸಿಕೊಂಡು ಮಾತಾಡುತ್ತಿದ್ದಾನಂತೆ. ತಿಂಡಿ ಆಯಿತು, ಕಾಫಿ ಆಯಿತು. ಫೋನು ಸುಮ್ಮನೆ ಬಿದ್ದಿತ್ತು. ಮಂಜುಳಮ್ಮ, “ಅದನ್ನ ನೋಡ್ತಾ ಕೂತ್ರೆ ಮೊಟ್ಟೆ ಇಡುತ್ತಾ?” ಎಂದರು. ಯಜಮಾನರು ಗದರಲಿಲ್ಲ.

ಬಂತು.

“ಒಪ್ಪಿದೀನಿ ಮಾವ. ಸಾಗಣೆ ಪೂರ್ತಿ ನಿಮ್ದು, ರೇಟು ಅದೇ. ಆದ್ರೆ ಹಡಗಿಗೆ ಹಾಕೋ ಮುಂಚೆ ನಮ್ಮ ಕಡೆಯಿಂದ ಒಬ್ರು ಬಂದು ಒಂದೊಂದನ್ನೂ ಕಾಯ್ಸಿ ನೋಡ್ತಾರೆ.”

“ನನ್ನ ಕಾರ್ಖಾನೆಗೆ? ಹೊರಗಿನೋರು?”

“ಹೂಂ ಮಾವ.”

ಯಜಮಾನರು ಕಾಫಿ ಲೋಟ ದೂರ ಸರಿಸಿದರು. ಮಂಜುಳಮ್ಮ ಸೆರಗಿನಲ್ಲಿ ಕೈ ಒರೆಸುತ್ತ ಬಾಗಿಲಿಗೆ ಬಂದರು.

“ಬಂದು ನೋಡ್ಲಿ, ಬೇಡ ಅನ್ನಲ್ಲ” ಎಂದರು ಯಜಮಾನರು ಕೊನೆಗೆ. “ಆದ್ರೆ ಶಿವಾನಿ, ಆ ಹೋಟೆಲಿನೋರು ಮತ್ತೆ ಏನಾದ್ರೂ ಅಂದ್ರೆ? ನನ್ನ ಹೆಸ್ರು ಹೇಳ್ಬುಡಮ್ಮ. ನಮ್ಮ ಮಾವ ಹೇಳಿದ್ದು ಅನ್ನು.”

“ಅವರು ಅಂದಾಯ್ತು ಮಾವ. ಮೊನ್ನೆ ಒಬ್ಬ ಮ್ಯಾನೇಜರು ಅಷ್ಟು ಜನದ ಮುಂದೆ ಬೈದ. ನಾನೇ ನಿಂತು ಬೈಸ್ಕೊಂಡೆ. ಆಮೇಲೆ ಅವನೇ ಇನ್ನೊಂದು ಆರ್ಡರು ಕೊಟ್ಟ. ಏನೂ ಆಗಲ್ಲ ಮಾವ. ನೀವು ಆರಾಮಾಗಿರಿ.”

ಯಜಮಾನರು ಫೋನನ್ನು ಬೋರಲಾಗಿ ಚಾಪೆಯ ಮೇಲಿಟ್ಟರು. ಕಣ್ಣಿನ ಹತ್ತಿರ ವಿಭೂತಿ ಒದ್ದೆಯಾಗಿತ್ತು. ನನ್ನ ಹತ್ತಿರ ಹೇಳುವುದಕ್ಕೆ ಎರಡು ಮೂರು ಒಳ್ಳೆಯ ಮಾತುಗಳಿದ್ದವು. ಹಾಗೇ ಇಟ್ಟುಕೊಂಡೆ.

ಗೋಡೆ ಗಡಿಯಾರ ನೋಡಿದರು, ಬಾಗಿಲು ನೋಡಿದರು. ಹೋಗಿ ನೋಡಬೇಕಾದ ಕೆಲಸವನ್ನು ಮಗ ನೋಡುತ್ತಿದ್ದಾನೆ, ಹೇಳಬೇಕಾದ ಮಾತನ್ನು ಸೊಸೆ ಹೇಳಿದ್ದಾಳೆ.

“ಲೋಕೇಶಪ್ಪ” ಎಂದರು. ಯಾವತ್ತೂ ಆಡಿಟ್ರೇ ಅನ್ನುತ್ತಿದ್ದವರು. “ಈ ಹೊತ್ತಲ್ಲಿ ಮನೇಲಿರೋ ಜನ ಏನು ಮಾಡ್ತಾರಪ್ಪ?”

“ಸೊಪ್ಪು ಬಿಡಿಸ್ತಾರೆ” ಎಂದು ಮಂಜುಳಮ್ಮ ಮೊರದ ತುಂಬ ಕೀರೆಸೊಪ್ಪು ತಂದು ಮುಂದಿಟ್ಟರು.

ಅವರು ಒಂದು ಗಿಡ ಎತ್ತಿಕೊಂಡರು. ಅತ್ತಿತ್ತ ತಿರುಗಿಸಿ ನೋಡಿದರು. ಎಲೆ ಒಂದು ಕಡೆ ಹಾಕಿ ದಂಟನ್ನು ಕೈಯಲ್ಲೇ ಹಿಡಿದುಕೊಂಡು ಹೆಂಡತಿಯತ್ತ ತಲೆಯೆತ್ತಿದರು.

“ಇದು ಬೇಕಾ, ಬೇಡ್ವಾ?”

“ಎಳೇದಿದ್ರೆ ಹಾಕಿ. ಬಲ್ತಿದ್ರೆ ಬೇಡ.”

“ಎಳೇದು ಅಂತ ಹೆಂಗೆ ಗೊತ್ತಾಗುತ್ತೆ?”

“ಮುರಿದು ನೋಡಿ.”

ಮುರಿದು ನೋಡಿದರು. ನಾನೂ ಒಂದು ಹಿಡಿ ಎಳೆದುಕೊಂಡು ಕೂತೆ.